ಎರಡು ವರ್ಷ ಕಡಿಮೆ ಬಿತ್ತು

ಧಾರೇಶ್ವರದಾಚೆಯ ಕಡಲ ದಂಡೆಯ ಊರು. ಬೋಟುಗಳು ಮಳೆಗಾಲದ ರಜೆಗೆ ದಡ ಹತ್ತುವ ಹೊತ್ತಿಗೆ ಇಲ್ಲಿ ಹತ್ತನೇ ತರಗತಿವರೆಗಿನ ಕನ್ನಡ ಶಾಲೆಯ ಬಾಗಿಲು ತೆರೆಯುತ್ತದೆ. ಟಿ.ಸಿ. ಕೇಳುವವರ ಸಾಲೂ ಅವತ್ತೇ ಶುರು. ಈ ಸಲ ಆ ಸಾಲಿನಲ್ಲಿ ಮೀನು ಮಾರುವ ಕಮಲಿಯೂ ನಿಂತಿದ್ದಳು. ಅವಳ ಕಿರಿಮಗಳು ಸುಚಿತಾ ಎಂಟನೇ ತರಗತಿ ಮುಗಿಸಿದ್ದಳು.

ಹಿರಿಮಗಳು ಸುಷ್ಮಾಳನ್ನೂ ಎಂಟು ಮುಗಿದ ಕೂಡಲೇ ಕುಮಟೆಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದು ಕಮಲಿಯೇ. ಬಂಗಡೆ ಕೊಡುವ ಮನೆಗಳಲ್ಲಿ ಟೈ ಕಟ್ಟಿದ ಮಕ್ಕಳನ್ನು ಕಂಡಾಗೆಲ್ಲ ಅವಳಿಗೆ ಆಸೆಯಾಗುತ್ತಿತ್ತು. ಮೀನು ಮಾರಲು ದಿನವೂ ಕುಮಟೆಗೆ ಹೋಗುವವಳಿಗೆ ಅನುಕೂಲವೂ ಇತ್ತು. ಬುಟ್ಟಿ ಟೆಂಪೋದ ಮೇಲೆ, ಮಗಳು ಒಳಗೆ.

ಸುಷ್ಮಾಳಿಗೆ ಮೀನುಗಾರಿಕೆ ಡಿಗ್ರಿ ಓದುವ ಆಸೆ. ಹೋದ ವರ್ಷ ಸಿಇಟಿ ಬರೆದಳು, ಸೀಟು ಸಿಗಲಿಲ್ಲ. ರ್‍ಯಾಂಕಿನಲ್ಲಿ ಅವಳಿಗಿಂತ ಹಿಂದಿದ್ದ ಪಕ್ಕದ ಮನೆ ಈರನ ಮಗಳಿಗೆ ಸಿಕ್ಕಿತು. ಸುಷ್ಮಾ ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ. ಅಂದಿನಿಂದ ಕಮಲಿ ಈರನ ಮನೆಯವರ ಹತ್ತಿರ ಮಾತು ಬಿಟ್ಟಿದ್ದಾಳೆ.

"ಅಕ್ಕೋರೆ, ಸುಚಿತಂದು ಟಿ.ಸಿ. ಕೊಡಿ."

ವಂದನಾ ಟೀಚರ್ ಪೆನ್ನು ಕೆಳಗಿಟ್ಟರು. "ಕೂತ್ಕೊಳ್ಳಿ ಕಮಲಕ್ಕ. ಇವಳನ್ನೂ ಪ್ಯಾಟೆ ಶಾಲೆಗಾ?"

"ಮತ್ತೆಂತ ಮಾಡುದು? ಇಲ್ಲಿ ಕಲ್ತು ಎಂತ ಸಿಗ್ತದೆ?"

"ಈರನ ಮಗಳು ಇಲ್ಲೇ ಕಲ್ತದ್ದಲ್ವಾ?"

"ಅವ್ರದ್ದು ವಶೀಲಿ. ಇಲ್ದಿದ್ರೆ ನನ್ನ ಮಗಳನ್ನ ಬಿಟ್ಟು ಅದಕ್ಕೆ ಹ್ಯಾಂಗೆ ಸಿಕ್ತು?"

"ವಶೀಲಿ ಅಲ್ಲ. ಒಂದ್ರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಲಿ ಕಲ್ತ ಮಕ್ಕಳಿಗೆ ಸಿಇಟಿಲಿ ಬೇರೆ ಸೀಟು ಇಡ್ತಾರೆ. ಹತ್ತೂ ವರ್ಷ ಕನ್ನಡ ಮೀಡಿಯಂ ಆದ್ರೆ ಅದಕ್ಕೂ ಕೆಲವು ಸೀಟು. ಈರನ ಮಗಳು ಹತ್ತೂ ವರ್ಷ ಇಲ್ಲೇ ಕಲ್ತದ್ದಕ್ಕೆ ಸರ್ಟಿಫಿಕೇಟು ಕೊಟ್ಟಿತ್ತು."

"ನಮ್ದೂ ಎಂಟು ವರ್ಷ ಇಲ್ಲೇ ಕಲ್ತದ್ದಲ್ಲ?"

"ಎಂಟು ಸಾಲುದಿಲ್ಲ ಕಮಲಕ್ಕ."

"ಸುಷ್ಮಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಸರ್ಟಿಫಿಕೇಟು ಕೇಳ್ಲಿಕ್ಕೆ ಬಂದಿತ್ತು. ಎರಡು ವರ್ಷ ಕಮ್ಮಿ ಅಂದೆ. ಆಯಿಗೆ ಹೇಳ್ಬೇಡಿ, ಬುಟ್ಟಿ ಹೊತ್ತು ಓದ್ಸಿದಾಳೆ ಅಂತ ಹೇಳಿ ಹೋಯ್ತು. ಅದು ಎಂಟು ಮುಗ್ಸಿದಾಗ ಟಿ.ಸಿ. ಬರೆದು ಕೊಟ್ಟವಳು ನಾನೇ. ನಾನಾದ್ರೂ ಒಂದು ಮಾತು ಹೇಳ್ಬೇಕಿತ್ತು."

ಕಮಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಡೀ ವರ್ಷ ಈರನ ಮನೆಯವರಿಗೆ ಶಾಪ ಹಾಕಿದ್ದೇ ಬಂತು. ಸೀಟು ತಪ್ಪಿಸಿದ್ದು ತನ್ನದೇ ಕೈ.

"ಇಂಗ್ಲಿಷಿಗೆ ಎಂತ ಮಾಡುದು?" ಅವಳ ದನಿ ಇಳಿದಿತ್ತು.

"ಇಲ್ಲೂ ಕಲಿಸ್ತೇವೆ. ಹತ್ತು ಮುಗಿದ್ಮೇಲೆ ಪಿಯುಸಿಗೆ ಕುಮಟೆಗೆ ಹೋಗ್ಲಿ, ಅದಕ್ಕೆ ಅಡ್ಡಿ ಇಲ್ಲ."

"ಆತು ಅಕ್ಕೋರೆ. ಟಿ.ಸಿ. ಬ್ಯಾಡ."

ಸಂಜೆ ಅಂಗಡಿಯಿಂದ ಬಂದ ಸುಷ್ಮಾ ಕೇಳಿದಳು, "ತಂಗಿ ಟಿ.ಸಿ. ತಂದ್ಯಾ ಆಯಿ?"

"ಇಲ್ಲ. ಅದು ಇಲ್ಲೇ ಕಲೀಲಿ."

ಸುಷ್ಮಾ ತಾಯಿಯ ಮುಖ ನೋಡಿದಳು. ಆಯಿಗೆ ಎಲ್ಲ ತಿಳಿದಿದೆ ಎಂದು ಗೊತ್ತಾಯಿತು. "ಒಳ್ಳೇದಾಯ್ತು" ಎಂದು ಕೈಕಾಲು ತೊಳೆಯಲು ಹೋದಳು. ಕಮಲಿಗೆ ಅವತ್ತು ಊಟ ಸೇರಲಿಲ್ಲ.

ಅಪ್ಪ ಅಮ್ಮಂದಿರೇ, ಟಿ.ಸಿ. ಕೇಳುವ ಮೊದಲು ಈ ಹತ್ತು ವರ್ಷದ ಲೆಕ್ಕವನ್ನು ಟೀಚರ್ ಹತ್ತಿರ ಕೇಳಿ. ನಿಯಮ ಬದಲಾಗುವುದುಂಟು, ಬಿಇಒ ಕಚೇರಿಯಲ್ಲೂ ವಿಚಾರಿಸಿ. ಸರ್ಟಿಫಿಕೇಟನ್ನು ಸಿಇಟಿ ಅರ್ಜಿಗೆ ಮೊದಲೇ ಮಾಡಿಸಿಡಿ. ಸುಷ್ಮಾಳ ಎರಡು ವರ್ಷವನ್ನು ಇನ್ನು ಯಾರೂ ತಂದುಕೊಡಲಾರರು. ನಿಮ್ಮ ಮನೆಯ ಮಗು ಈಗ ಎಷ್ಟನೇ ತರಗತಿ?