ಅಂಚು ಸವೆದ ಚಂದ್ರ

ನಾನು ನೆಲಕ್ಕೆ ಟೈಲ್ಸ್ ಕೂರಿಸುವವನು. ಮೂರನೇ ತರಗತಿಗೇ ಶಾಲೆ ಬಿಟ್ಟು, ನಲವತ್ತೆಂಟು ವರ್ಷ ಮಂಡಿಯೂರಿ ದುಡಿದವನು. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಅದಕ್ಕೇ ಅಕ್ಕ ನನ್ನನ್ನು ರಸಮಟ್ಟ ಎಂದು ಕರೆಯುತ್ತಿದ್ದಳು. ನೆಲ ಸಮ ಇದೆಯೋ ಇಲ್ಲವೋ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಪಟ್ಟಿಯ ಹೆಸರು ಅದು.

ಅಕ್ಕ ಬಟ್ಟೆ ಹೊಲಿಯುವವಳು. ಅವ್ವ ಹೋದಾಗ ಅವಳಿಗೆ ಹದಿನಾರು, ನನಗೆ ಆರು. ಹೊಲಿಗೆ ಯಂತ್ರದ ಸದ್ದು ನಿಂತರೆ ನನಗೆ ಎಚ್ಚರವಾಗಿಬಿಡುತ್ತಿತ್ತು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಅಳತೆ ಕೂಡಿ ಬರಲಿಲ್ಲ" ಎಂದು ನಗುತ್ತಿದ್ದಳು.

ಸೊಂಟದ ಮೂಳೆ ಮುರಿದು ಮಲಗಿದ ಮೇಲೆ ಅವಳು ಏಳಲಿಲ್ಲ. ಆಮೇಲೆ ಎದೆಯಲ್ಲಿ ನೀರು ತುಂಬಿತು. "ತಿಂಗಳೋ, ಎರಡು ತಿಂಗಳೋ" ಎಂದರು ಡಾಕ್ಟರು. ನಾನು ಆ ಎರಡನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅವಳ ಕಿಟಕಿಯಾಚೆ ಪಕ್ಕದ ಕಟ್ಟಡದ ಬರೀ ಗೋಡೆ. ಒಂದು ಸಂಜೆ ಆ ಗೋಡೆಯ ಮೇಲೆ ಬೆಳದಿಂಗಳು ಬಿದ್ದಿತ್ತು.

"ನೋಡೋ, ಬೆಳಕು ಕಳಿಸ್ತಾನೆ, ತಾನು ಮಾತ್ರ ಮುಖ ತೋರಿಸಲ್ಲ. ಪೂರ್ತಿ ಚಂದ್ರನ್ನ ಕಣ್ತುಂಬ ನೋಡಿ ಎಷ್ಟು ಕಾಲ ಆಯ್ತು. ಸೂಜಿ ನೋಡಿಕೊಂಡೇ ಜನ್ಮ ಕಳೀತು."

"ಇಲ್ಲಿಗೇ ತರ್ತೀನಿ ಇರು. ನಿನ್ನ ಮಂಚದ ಎದುರು ಗೋಡೆಗೆ, ಅಷ್ಟಗಲ" ಎಂದೆ.

ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ತಾರಸಿಯಲ್ಲಿ ಅವರ ದೂರದರ್ಶಕ, ಅದರ ಹಿಂಬದಿಗೆ ಸಿಕ್ಕಿಸುವ ಡಿಜಿಟಲ್ ಕ್ಯಾಮೆರಾ ಎರಡೂ ಇದ್ದವು. ಅವರ ಕೈ ನಡುಗುತ್ತಿದ್ದುದರಿಂದ ಚಿತ್ರ ತೆಗೆಯಲು ಆಗುತ್ತಿರಲಿಲ್ಲ. ಮುಂದಿನ ಹುಣ್ಣಿಮೆಯ ಸಂಜೆ ನನಗೆ ಕಲಿಸಿದರು.

"ಇದರಲ್ಲಿ ಚಂದ್ರ ಒಂದೇ ಸಲಕ್ಕೆ ಹಿಡಿಸಲ್ಲ ಕಣ್ರೀ. ತುಂಡು ತುಂಡಾಗಿ ತೆಗೆದು ಆಮೇಲೆ ಜೋಡಿಸ್ಬೇಕು."

"ಜೋಡಿಸೋದು ತಾನೇ ಸ್ವಾಮಿ? ಬಿಡಿ, ನನ್ನ ಹೊಟ್ಟೆಪಾಡೇ ಅದು."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲಿಲ್ಲ. ಬಟನ್ ಒತ್ತಿ ಕೈ ತೆಗೆಯಬೇಕು. ಎರಡು ಸೆಕೆಂಡು ಬಿಟ್ಟು ಕ್ಯಾಮೆರಾ ತಾನೇ ಚಿತ್ರ ಹಿಡಿಯುತ್ತದೆ. ಅಷ್ಟರಲ್ಲೇ ಚಂದ್ರ ಜಾರುತ್ತಿರುತ್ತಾನೆ. ನಾನು ಒಂದು ಟೈಲಿನ ಅಂಚಿಗೆ ಇನ್ನೊಂದರ ಅಂಚು ತಾಗಿಸುವ ಹಾಗೆ, ಒಂದು ತುಂಡು ಮುಗಿದಲ್ಲಿಂದಲೇ ಮುಂದಿನದನ್ನು ಹಿಡಿದೆ. ಒಟ್ಟು ಆರು. ಒಂದರ ಮೇಲೊಂದು ಕೂದಲೆಳೆಯಷ್ಟೂ ಹತ್ತದಂತೆ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ಪ್ರಿಂಟ್ ಅಂಗಡಿಯ ಹೆಂಗಸು ಕಂಪ್ಯೂಟರಿನಲ್ಲಿ ಅವನ್ನು ಅತ್ತ ಇತ್ತ ಸರಿಸಿ ನೋಡಿ ಕೈಚೆಲ್ಲಿದಳು. "ಅಜ್ಜ, ಇವು ಕೂಡಲ್ಲ. ಸಂದಿನಲ್ಲಿ ಚಂದ್ರನೇ ಇಲ್ಲ."

ಆರು ತುಂಡುಗಳನ್ನೂ ಅಚ್ಚು ಹಾಕಿಸಿ ತಂದು ಅಕ್ಕನ ಹೊದಿಕೆಯ ಮೇಲೆ ಹರಡಿದೆ. ಅವಳು ಬೆರಳಿನಿಂದ ಅಂಚುಗಳನ್ನು ಸವರಿದಳು. ಆಮೇಲೆ ನಗಲು ಹೋಗಿ ಕೆಮ್ಮಿದಳು.

"ಹೊಲಿಗೆಗೆ ಅಂತ ಬಟ್ಟೆ ಬಿಡೋದು ಬೇಡ್ವೇನೋ ದಡ್ಡ? ಒಂದರ ಮೇಲೊಂದು ಒಂದಿಷ್ಟು ಹತ್ತಬೇಕು. ಅರವತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದು ಇಷ್ಟೂ ನೋಡ್ಲಿಲ್ವಾ?"

ನಾನು ತುಂಡುಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದೆ.

"ಹೋಗಲಿ ಬಿಡು. ಇವತ್ತು ಸಂಜೆ ಮತ್ತೆ ತೆಗಿ."

"ಇವತ್ತಾ? ಹುಣ್ಣಿಮೆ ನಿನ್ನೆಗೇ ಮುಗೀತಲ್ಲಕ್ಕಾ. ಒಂದು ಕಡೆ ಅಂಚು ಸವೆದಿರುತ್ತೆ. ಬರೋ ಹುಣ್ಣಿಮೆಗೆ ತೆಗೀತೀನಿ. ಪೂರ್ತಿ ಅಂದ್ರೆ ಪೂರ್ತಿ ಇರಬೇಕು."

"ನಾನೂ ಸವೆದಿದೀನಿ. ನನ್ನನ್ನೇನು ಬೀದಿಗೆ ಎಸೆದ್ಯಾ? ಸಾಕು ಕಣೋ ನನಗೆ ಅಷ್ಟು."

"ಇಲ್ಲಕ್ಕಾ, ನೆಟ್ಟಗಿರೋದನ್ನೇ ತರ್ತೀನಿ."

"ರಸಮಟ್ಟ" ಎಂದು ಗೊಣಗಿ ಗೋಡೆಯ ಕಡೆಗೆ ಮುಖ ಮಾಡಿದಳು. ಆ ಸಂಜೆ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಾನು ಮನೆಯಲ್ಲೇ ಕೂತು, ಗೋಡೆಯ ಮೇಲೆ ಎಲ್ಲಿ ಅಂಟಿಸುವುದೆಂದು ಟೇಪು ಹಿಡಿದು ಅಳೆಯುತ್ತಿದ್ದೆ. ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗಂಜಿ ಆರಿಸಿ ತರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಎದುರು ಗೋಡೆಯ ಮೇಲೆ ನನ್ನ ಪೆನ್ಸಿಲಿನ ನಾಲ್ಕು ಗುರುತುಗಳಿದ್ದವು.

ಹುಣ್ಣಿಮೆ ಬಂತು. ಮೇಷ್ಟ್ರು ಮೆಟ್ಟಿಲಿನಿಂದಲೇ ಕೂಗಿದರು: "ಆಕಾಶ ತೊಳೆದಿಟ್ಟ ಹಾಗಿದೆ, ಬನ್ನಿ."

"ಇವತ್ತು ಬೇಡ ಸ್ವಾಮಿ, ನಾಳೆ ಬರ್ತೀನಿ."

ಅವರು ಮೆಟ್ಟಿಲು ಹತ್ತಿ ಹೋದರು.

ಮರುದಿನ ಕತ್ತಲಾಗಿ ಸ್ವಲ್ಪ ಹೊತ್ತಿಗೆ ಚಂದ್ರ ಎದ್ದ. ಈ ಸಲ ಒಂದೊಂದು ತುಂಡೂ ಹಿಂದಿನದರ ಮೇಲೆ ಕಾಲು ಭಾಗ ಹತ್ತುವ ಹಾಗೆ ಹಿಡಿದೆ. ಹನ್ನೆರಡು ತುಂಡುಗಳಾದವು. ಕ್ಯಾಮೆರಾದ ಪರದೆ ನೋಡುತ್ತಿದ್ದ ಮೇಷ್ಟ್ರು ಮೆಲ್ಲಗೆ ಅಂದರು: "ಹುಣ್ಣಿಮೆ ದಿನ ನೆರಳೇ ಇರಲ್ಲ, ಎಲ್ಲಾ ಚಪ್ಪಟೆ ಕಾಣುತ್ತೆ. ಇವತ್ತು ಆ ಸವೆದ ಅಂಚಲ್ಲಿ ಗುಳಿಗಳು ಎಷ್ಟು ಚೆನ್ನಾಗಿ ಎದ್ದಿವೆ ನೋಡಿ." ನೋಡಿದೆ. ಹೌದು, ಚೆನ್ನಾಗಿಯೇ ಇದ್ದವು.

ಪ್ರಿಂಟ್ ಅಂಗಡಿಯಲ್ಲಿ ಹನ್ನೆರಡೂ ಸಲೀಸಾಗಿ ಕೂಡಿದವು. ಎಲ್ಲಿಯೂ ಸಂದು ಕಾಣಲಿಲ್ಲ.

"ಒಂದು ದಿನ ಮೊದಲು ತೆಗೆದಿದ್ರೆ ಪೂರ್ತಿ ಸಿಗ್ತಿತ್ತಲ್ಲ ಅಜ್ಜ" ಎಂದಳು ಆ ಹೆಂಗಸು.

"ನಮ್ಮಕ್ಕನಿಗೆ ಇಷ್ಟು ಸಾಕಂತೆ" ಎಂದೆ.

ಮನೆಗೆ ತಂದು ಆ ನಾಲ್ಕು ಗುರುತುಗಳ ಮೇಲೆ ಅಂಟಿಸಿದೆ. ಸರಿಯಾಗಿದೆಯೋ ಎಂದು ರಸಮಟ್ಟ ಹಿಡಿದು ನೋಡಲಿಲ್ಲ. ಅಕ್ಕ ಮಲಗುತ್ತಿದ್ದ ಕಡೆ ತಲೆಯಿಟ್ಟು, ದೀಪ ಹಾಕದೆ, ಅಲ್ಲಿಂದ ಹೇಗೆ ಕಾಣುತ್ತದೆಂದು ನೋಡುತ್ತಾ ಬಹಳ ಹೊತ್ತು ಮಲಗಿದ್ದೆ.