ಎಪೊಲಿನ್ ಬಾಯಿಯ ವೈನ್ ಭರಣಿ

ನಾನು ಒಂದು ಪಿಂಗಾಣಿ ಭರಣಿ. ಹೊಟ್ಟೆ ಬಿಳಿ, ಕತ್ತು ಕಂದು. ಬೆಂಕಿಯ ಗೂಡಿನಲ್ಲಿ ಬೆಂದು ಹೊರಬಂದು ಅಂಗಡಿಯ ಮೂಲೆಯಲ್ಲಿ ಧೂಳು ಕುಡಿಯುತ್ತಿದ್ದೆ. ಸಾಲ್ವದೋರ್ ಎಂಬ ರೈತ ನನ್ನನ್ನು ಕೊಂಡು, ದೋಣಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತನ್ನ ಕುದ್ರುವಿಗೆ ಕರೆತಂದ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಸುತ್ತ ಉಪ್ಪುನೀರು, ಒಳಗೆ ಭತ್ತದ ಗದ್ದೆ, ಸಣ್ಣ ಪೇಟೆ, ಪ್ರಾರ್ಥನೆಗೆ ಒಂದು ಇಗರ್ಜಿ.

ಅವನ ಹೆಂಡತಿ ಎಪೊಲಿನ್ ಬಾಯಿ ನನ್ನನ್ನು ತೊಳೆದು ಒಣಗಿಸಿ, ನೇರಳೆ ಹಣ್ಣು, ಸಕ್ಕರೆ, ಹಿಡಿ ಗೋಧಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ವರ್ಷ ವರ್ಷವೂ ಹಾಗೆಯೇ. ಅವಳ ವೈನ್ ಇಲ್ಲದೆ ಕುದ್ರುವಿನಲ್ಲಿ ಮದುವೆಯೂಟವೇ ಇರಲಿಲ್ಲ. ಸಾಲ್ವದೋರ್ ತೀರಿಕೊಂಡ ಮೇಲೂ ಅವಳು ಅದನ್ನು ಬಿಡಲಿಲ್ಲ.

ಒಂದು ಕ್ರಿಸ್‌ಮಸ್ ಮಧ್ಯಾಹ್ನ ಮೇಜಿನ ಮೇಲೆ ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿದ ಬಿಸಿ ಸನ್ನಣ, ಹಂದಿ ಮಾಂಸದ ಪದಾರ್ಥ. ಮಗ ಲ್ಯಾನ್ಸಿ ಎಲ್ಲರ ಲೋಟಕ್ಕೂ ನನ್ನಿಂದ ಬಸಿದ.

"ಅರ್ಧ ಹಾಗೇ ಇರಲಿ," ಎಂದಳು ಎಪೊಲಿನ್ ಬಾಯಿ. "ಜನವರಿಯಲ್ಲಿ ಮದುವೆ ಉಂಟಲ್ಲ."

ಯಾರದೆಂದು ಸೊಸೆ ಕೇಳಿದಳು.

"ನನ್ನದು. ದೋಣಿ ನಡೆಸುವ ಕಾಯ್ತಾನನಿಗೆ ಹೂಂ ಅಂದಿದ್ದೇನೆ."

ನಾನು ಮಣ್ಣಾಗಿ ಹುಟ್ಟಿರದಿದ್ದರೆ ಆ ಕ್ಷಣ ಕಲ್ಲಾಗುತ್ತಿದ್ದೆ. ಅರವತ್ತು ದಾಟಿದ ವಿಧವೆ! ಲ್ಯಾನ್ಸಿ ಲೋಟ ಕೆಳಗಿಟ್ಟು, ಊಟ ಬಿಟ್ಟು ಎದ್ದುಹೋದ. ಸಂಜೆಯೊಳಗೆ ಇಡೀ ಕುದ್ರು ಮೂಗಿನ ಮೇಲೆ ಬೆರಳಿಟ್ಟಿತು. ಗೆಳತಿಯರು ದಾರಿ ಬದಲಿಸಿದರು. ಅವಳು ಮಾತ್ರ ಮದುವೆಗೆ ಎಲ್ಲರನ್ನೂ ಕರೆದಳು, ಹಿಂದಿನ ದಿನ ಅಕ್ಕಿ ನೆನೆಹಾಕಿದಳು.

ಮದುವೆಯ ದಿನ ಇಗರ್ಜಿಯಿಂದ ಅವರಿಬ್ಬರೇ ಮರಳಿದರು. ಅಂಗಳದ ತುಂಬ ಎಲೆ ಹಾಕಿತ್ತು, ಉಣ್ಣುವವರಿರಲಿಲ್ಲ. ಹಂಡೆ ಮುಚ್ಚಿಬಿಡುವ ಎಂದ ಕಾಯ್ತಾನ್, ತಲೆಯೆತ್ತದೆ.

ಆಗ ಲ್ಯಾನ್ಸಿ ಬಂದ. ನನ್ನನ್ನು ಎತ್ತಿಕೊಂಡ.

"ನನಗೆ ಈಗಲೂ ಇದು ಸರಿ ಕಾಣುವುದಿಲ್ಲ ಅಮ್ಮ," ಎಂದ. "ಆದರೆ ನೀನು ಹಾಕಿದ ಎಲೆ ಖಾಲಿ ಬೀಳುವುದನ್ನು ನೋಡಲಿಕ್ಕೆ ನನ್ನಿಂದಾಗುವುದಿಲ್ಲ."

ಮೊದಲ ಲೋಟವನ್ನು ಅವನು ಬಸಿದುಕೊಟ್ಟದ್ದು ಕಾಯ್ತಾನನಿಗೆ. ಬೇಲಿಯಾಚೆ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಎಲೆಯ ಮುಂದೆ ಕೂತರು.

ಈಗ ಎಪೊಲಿನ್ ಬಾಯಿಯೂ ಇಲ್ಲ, ಕಾಯ್ತಾನನೂ ಇಲ್ಲ. ನನ್ನ ಕತ್ತು ಬಿರುಕು ಬಿಟ್ಟಿದೆ. ಅಡುಗೆಮನೆಯ ಮೂಲೆಯಲ್ಲಿ ಕಲ್ಲುಪ್ಪು ಹೊತ್ತು ಕೂತಿದ್ದೇನೆ. ಹಳತಾದಷ್ಟೂ ರುಚಿಯೇರುವುದನ್ನು ಒಡಲಲ್ಲೇ ಕಂಡವನು ನಾನು. ಅವಳ ಮದುವೆಯ ಮಾತಿಗೆ ಅಂದು ನಾನೂ ಯಾಕೆ ಹಾಗೆ ಬೆಚ್ಚಿಬಿದ್ದೆನೋ, ಇನ್ನೂ ತಿಳಿದಿಲ್ಲ.