ಎಂಜಿನ್ ತಣ್ಣಗಾಗಲಿ

ಬುರುಲ್ಚಾ ಕರಿಯುತ್ತಿದ್ದ ಬೋರ್ಸೋಕ್ ಹಿಟ್ಟು ಅರ್ಧ ಮುಗಿದಿತ್ತು. ಪುಟ್ಟ ಚೌಕಗಳು ಎಣ್ಣೆಯಲ್ಲಿ ಉಬ್ಬಿ ತಾವೇ ಮಗುಚಿಕೊಳ್ಳುತ್ತಿದ್ದವು. ಅಂಗಳಕ್ಕೆ ಕಾರು ಬಂದ ದಿನ ನೆಂಟರಿಗೆ ಬೋರ್ಸೋಕ್ ಬಡಿಸದಿದ್ದರೆ ಆದೀತೇ? ಆದರೆ ಕಾರನ್ನು ಮನೆಯವರು ಇನ್ನೂ ನೋಡಿಯೇ ಇರಲಿಲ್ಲ. ಅವಳ ಗಂಡ ತಾಲಾಯ್ ಬೆಳಿಗ್ಗೆಯೇ ಅಣ್ಣ, ಭಾವ, ಚಿಕ್ಕಪ್ಪ ಎಲ್ಲರನ್ನೂ ಸಂಜೆಗೆ ಕರೆದುಬಿಟ್ಟಿದ್ದ.

ಪಕ್ಕದ ಮನೆಯ ಜೂರಾ ಬಂದು ಬಿಸಿ ಬೋರ್ಸೋಕ್ ಒಂದನ್ನು ಬಾಯಿಗೆ ಹಾಕಿಕೊಂಡಳು. ಸಂತೆಯಲ್ಲಿ ಕಾರಿನ ಬಿಡಿಭಾಗ ಮಾರುವವಳು ಅವಳು.

“ಏನೇ, ತೊಟ್ಟಿಲಿಗಿಂತ ಮೊದಲೇ ಜೋಗುಳಾನಾ? ಯಾವ ಕಾರು?”

“ಕರೀದು. ದೊಡ್ಡ ಅಧಿಕಾರಿಗಳು ಓಡಾಡ್ತಾರಲ್ಲ, ಅಂಥದ್ದು. ನಾಲ್ಕೂವರೆ ಲೀಟರ್ ಎಂಜಿನ್ ಅಂತೆ. ಮದುವೆ ದಿಬ್ಬಣದಲ್ಲಿ ಎಲ್ಲಕ್ಕಿಂತ ಮುಂದೆ ಇರುತ್ತೆ ಅಂತಾರೆ ಇವರು.”

“ಮದುವೆ ವರ್ಷಕ್ಕೊಂದು. ನಿಮ್ಮತ್ತೆ ಆಸ್ಪತ್ರೆ ತಿಂಗಳಿಗೊಂದು.”

ಬುರುಲ್ಚಾಳ ಕೈ ನಿಂತಿತು. ಅತ್ತೆ ಅನಾರ್ಕಾನ್‌ಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು. ತಮ್ಮೂರು ಕೋಚ್ಕೋರ್‌ನಿಂದ ಬಿಷ್ಕೆಕ್‌ನ ಆಸ್ಪತ್ರೆಗೆ ಬಾಡಿಗೆ ವ್ಯಾನಿನಲ್ಲಿ ಮಂಡಿ ಮಡಿಸಿ ಕೂತು ಹೋಗಿಬಂದವರು ಹೋದ ತಿಂಗಳು ಹೇಳಿಬಿಟ್ಟಿದ್ದರು: “ಇನ್ನು ನಾನು ಹೋಗೋದಿಲ್ಲ. ಕುಂಟಿಯಾಗಿಯೇ ಸಾಯ್ತೀನಿ.”

“ದೊಡ್ಡ ಕಾರು ತಗೊಳ್ಳಿ, ಬೇಡ ಅನ್ನಲ್ಲ,” ಅಂದಳು ಜೂರಾ. “ಆದ್ರೆ ಎರಡು ಲೀಟರ್ ಎಂಜಿನ್ ಸಾಕು. ಆ ಕರಿ ಕಾರಿಗೆ ಚಕ್ರದ ಮೇಲೆ ಸ್ಪ್ರಿಂಗಿನ ಬದಲು ಗಾಳಿಚೀಲ ಇರುತ್ತೆ. ಒಂದು ಒಡೆದ್ರೆ ಮೂರು ಕುರಿ ಮಾರಬೇಕು. ಪೆಟ್ರೋಲಿಗೆ ಉಳಿದ ಕುರಿ. ಕೊನೆಗೆ ಕಾರು ಅಂಗಳದಲ್ಲಿ, ಅತ್ತೆ ವ್ಯಾನಲ್ಲಿ. ಹಾಂ, ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡು. ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ರೆ ಎಂಜಿನ್ನಿನ ರೋಗ ಗೊತ್ತಾಗಲ್ಲ.”

ಮಧ್ಯಾಹ್ನ ಅತ್ತೆಯನ್ನೂ ಕರೆದುಕೊಂಡು ಹೋದಾಗ ಮಾರುವವನ ಅಂಗಳದಲ್ಲಿ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ತಾಲಾಯ್ ಅದರ ಬೆನ್ನನ್ನು ಕುದುರೆಯ ಬೆನ್ನಿನಂತೆ ಸವರಿದ.

“ನಿನ್ನೆಯಿಂದ ನಿಂತಲ್ಲೇ ನಿಂತಿದೆ, ತಂಗಿ,” ಅಂದ ಮಾರುವವ.

ಬುರುಲ್ಚಾ ಬಾನೆಟ್ ಮೇಲೆ ಅಂಗೈ ಇಟ್ಟಳು. ಆಗತಾನೇ ಚಹಾ ಸುರಿದ ಕೆಟಲಿನಂತೆ ಸುಡುತ್ತಿತ್ತು.

“ನಾಳೆ ಬೆಳಿಗ್ಗೆ ಬರ್ತೀವಿ ಅಣ್ಣ. ನಾವು ಬಂದಮೇಲೇ ಸ್ಟಾರ್ಟ್ ಮಾಡಿ.”

ತಾಲಾಯ್ ಅವಳನ್ನು ಬದಿಗೆಳೆದ. “ಹುಚ್ಚೇನೇ ನಿಂಗೆ? ಮನೆ ತುಂಬ ಜನ ಬರ್ತಾರೆ. ಬೋರ್ಸೋಕ್ ಕರಿದಾಗಿದೆ!”

“ಕಾರಿಲ್ಲದಿದ್ರೆ ಬೋರ್ಸೋಕ್ ಗಂಟಲಲ್ಲಿ ಇಳಿಯಲ್ವೇನೋ?” ಅಂದರು ಅನಾರ್ಕಾನ್, ಊರುಗೋಲು ಕುಟ್ಟುತ್ತ. “ನಡಿ ಮನೆಗೆ.”

ಸಂಜೆ ನೆಂಟರು ಬಂದರು. ತಿಂದರು. ತಾಲಾಯ್ ತಲೆ ಎತ್ತಲಿಲ್ಲ.

“ಕಾರೆಲ್ಲಪ್ಪಾ? ಇದರೊಳಗೆ ಅಡಗಿಸಿಟ್ಟಿದ್ದೀಯಾ?” ಎಂದು ಚಿಕ್ಕಪ್ಪ ಒಂದು ಬೋರ್ಸೋಕ್ ಮುರಿದು ಇಣುಕಿದರು.

“ಎಂಜಿನ್ ತಣ್ಣಗಾಗ್ತಿದೆ,” ಅಂದರು ಅನಾರ್ಕಾನ್. “ನಿನ್ನ ನಾಲಿಗೇನೂ ಸ್ವಲ್ಪ ತಣ್ಣಗಾಗಲಿ.”

ಬೆಳಿಗ್ಗೆ ಬೇಗನೆ ಹೋದಾಗ ಬಾನೆಟ್ ಮೇಲೆ ಇಬ್ಬನಿ ಕೂತಿತ್ತು. ಮಾರುವವ ಒಲ್ಲದ ಮನಸ್ಸಿನಿಂದ ಕೀಲಿ ತಿರುಗಿಸಿದ. ಮುದಿ ಒಂಟೆಯಂತೆ ಕೆಮ್ಮಿದ ಕಾರು ಹಿಂದಿನಿಂದ ನೀಲಿ ಹೊಗೆ ಉಗುಳಿತು. ಒಳಗೆ ಯಾರೋ ಸುತ್ತಿಗೆ ಬಡಿದಂತೆ ಸದ್ದು. ತಾಲಾಯ್ ಬೇಡವೆಂದು ಕೈಯಾಡಿಸಿ ಹೊರಟುಬಿಟ್ಟ.

ದಾರಿಯಲ್ಲಿ ಅವನೇ ಬಾಯಿ ಬಿಟ್ಟ. “ಮೇಲಿನ ಬೀದಿ ಪಶುವೈದ್ಯೆ ಒಂದು ಕಾರು ಮಾರ್ತಿದ್ದಾರೆ. ಬೂದು ಬಣ್ಣ. ಎಂಜಿನ್ ಎರಡೇ ಲೀಟರ್ ಅಂತ ನಾನೇ ಬೇಡ ಅಂದಿದ್ದೆ.”

ಅದೂ ಉದ್ದನೆಯ, ಘನವಾದ ಕಾರೇ. ಬಾನೆಟ್ ತಣ್ಣಗಿತ್ತು; ಕೀಲಿ ತಿರುಗಿಸಿದಾಗ ಹೊಗೆಯಿಲ್ಲ, ಸದ್ದಿಲ್ಲ. ಬುರುಲ್ಚಾ ಜೂರಾಗೆ ಫೋನ್ ಮಾಡಿ ಬಿಡಿಭಾಗಗಳ ಬೆಲೆ ಕೇಳಿದಳು; ಕೈಗೆಟುಕುವಂತಿತ್ತು. ಅದಾದ ಮೇಲೆ ಅತ್ತೆಯನ್ನು ಹಿಂದೆ ಕೂರಿಸಿ, ಹೊಳೆಯ ಕಡೆಗೆ ಹೋಗುವ ಗುಂಡಿ ರಸ್ತೆಯಲ್ಲೇ ಓಡಿಸಲು ಗಂಡನಿಗೆ ಹೇಳಿದಳು.

“ಅಮ್ಮಾ, ಹೇಗಿದೆ?” ಎಂದ ತಾಲಾಯ್.

ಹಿಂದಿನಿಂದ ಗೊರಗೊರ ಸದ್ದು ಬಂತು. ಅವನು ಗಾಬರಿಯಿಂದ ತಿರುಗಿ ನೋಡಿದ. ಅನಾರ್ಕಾನ್ ಕಾಲು ಚಾಚಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

“ಇದೇ ಸರಿ,” ಅಂದ ತಾಲಾಯ್ ಮೆಲ್ಲಗೆ, ಅಮ್ಮನಿಗೆ ಎಚ್ಚರವಾಗದಂತೆ.

ಬುರುಲ್ಚಾ ಪಕ್ಕದ ಸೀಟಿನಲ್ಲಿ ಕೂತು ಅವನ ಪಾದವನ್ನು ನೋಡುತ್ತಿದ್ದಳು. ಬೇಸಿಗೆಗೆ ಇವನು ಕುರಿಮಂದೆಯೊಂದಿಗೆ ಬೆಟ್ಟ ಹತ್ತುತ್ತಾನೆ. ಆಸ್ಪತ್ರೆಯ ದಿನ ಆಗಲೂ ಬರುತ್ತದೆ; ಓಡಿಸುವವರು ಬೇಕಲ್ಲ. ಇರುವುದು ಎರಡೇ ಪೆಡಲ್, ಒಂದೇ ಕಾಲಿನ ಕೆಲಸ. ಜೂರಾಗೆ ಓಡಿಸಲು ಗೊತ್ತು, ಕಲಿಸುತ್ತಾಳೆ. ಬುರುಲ್ಚಾ ಕಿಟಕಿಯತ್ತ ತಿರುಗಿ ತನ್ನಷ್ಟಕ್ಕೆ ನಕ್ಕಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಳೆಯ ಕಾರು ಕೊಳ್ಳುವುದು ತಪ್ಪಲ್ಲ, ಸುಖವಾದ ಕಾರು ಬಯಸುವುದೂ ತಪ್ಪಲ್ಲ. ಎಂಜಿನ್ ತಣ್ಣಗಿರುವಾಗ ನೋಡಿ. ಅದು ಎಷ್ಟು ಕುಡಿಯುತ್ತದೆ, ಕೆಟ್ಟರೆ ಎಷ್ಟು ಕೇಳುತ್ತದೆ ಎಂದು ಮೊದಲೇ ವಿಚಾರಿಸಿ. ಯಾರಿಗಾಗಿ ಕೊಳ್ಳುತ್ತೀರೋ ಅವರನ್ನು ಕೂರಿಸಿ ಓಡಿಸಿ. ಬೋರ್ಸೋಕ್ ಆಮೇಲೆ ಕರಿಯಿರಿ. ಇನ್ನು ಬುರುಲ್ಚಾಳ ಮನಸ್ಸಿನಲ್ಲಿರುವುದನ್ನು ತಾಲಾಯ್‌ಗೆ ನೀವೂ ಹೇಳಬೇಡಿ.